ಯುರೋಪ್ ಪ್ರವಾಸದ ಕೊನೆಯ ಮೂರು ದಿನ ಯಾರದು?

ನಮ್ಮಲ್ಲಿ ಮಾರಾಟವಾಗುವ ಪಶ್ಚಿಮ ಯುರೋಪ್ ಪ್ಯಾಕೇಜ್‌ಗಳಲ್ಲಿ ಹಲವು ಲಂಡನ್ ಅಥವಾ ಪ್ಯಾರಿಸ್‌ನಲ್ಲಿ ಶುರುವಾಗಿ ರೋಮ್‌ನಲ್ಲಿ ಮುಗಿಯುತ್ತವೆ. ಮೊದಲ ದಿನಗಳಲ್ಲಿ ಜೆಟ್‌ಲ್ಯಾಗ್ ನೆಪಕ್ಕಾದರೂ ಸ್ವಲ್ಪ ಬಿಡುವು ಇರುತ್ತದೆ. ಕೊನೆ ಹತ್ತಿರವಾದಂತೆ ಪಟ್ಟಿ ಓಡತೊಡಗುತ್ತದೆ. ಒಂದು ದಿನ ವೆನಿಸ್, ಮರುದಿನ ಪೀಸಾದ ವಾಲಿದ ಗೋಪುರ ಮತ್ತು ಫ್ಲಾರೆನ್ಸ್, ಅದರ ಮರುದಿನ ವ್ಯಾಟಿಕನ್, ಕೊಲೊಸಿಯಂ, ಟ್ರೆವಿ ಕಾರಂಜಿ. ರಾತ್ರಿಯೋ ಬೆಳಗಿನ ಜಾವವೋ ವಿಮಾನ. ಜೀವಮಾನದಲ್ಲಿ ಒಂದೇ ಸಲ ಎಂದುಕೊಂಡು ಹೊರಟ ಗಂಡ ಹೆಂಡತಿ, ಆ ಮೂರು ದಿನ ಏನೇನು ನೋಡಿದರೆಂದು ಹೇಳಲು ಮೊಬೈಲ್‌ನಲ್ಲಿರುವ ಫೋಟೊಗಳನ್ನು ತೆರೆಯಬೇಕಾಗುತ್ತದೆ.

ಇಂಥ ಪ್ರವಾಸಕ್ಕೆ ಹೋಗುವವರು ಯಾರು? ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದಿಟ್ಟವರು, ಮಕ್ಕಳು ಹಣ ಕಟ್ಟಿ ಕಳಿಸಿಕೊಟ್ಟವರು, ಮದುವೆಯಾಗಿ ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ ಇಬ್ಬರೇ ಮನೆಯಿಂದ ಹೊರಬಿದ್ದವರು. ಅತ್ತೆ ಮಾವನ ಆರೋಗ್ಯ, ಮಕ್ಕಳ ಪರೀಕ್ಷೆ, ಮನೆ ಸಾಲದ ಕಂತು ಎಲ್ಲ ಮುಗಿದ ಮೇಲೆ ಸಿಕ್ಕ ಬಿಡುವು ಅದು. ಅವರಿಗೆ ಬೇಕಾದದ್ದು ಇನ್ನೊಂದು ಗೋಪುರವಲ್ಲ, ಇಬ್ಬರೂ ಜೊತೆಗೆ ಕೂರುವಷ್ಟು ಹೊತ್ತು. ಅದಕ್ಕೇ ಪ್ರವಾಸದ ಕೊನೆಯ ಮೂರು ದಿನಗಳನ್ನು ಒಂದೇ ಊರಿಗೆ, ಯಾವ ಕಾರ್ಯಕ್ರಮವೂ ಇಲ್ಲದೆ ಬಿಟ್ಟುಕೊಡಬೇಕು. ಕಂಪನಿಗಳು ಹಾಗೆ ಯೋಜಿಸದಿದ್ದರೆ ಹೋಗುವವರೇ ಪಟ್ಟುಹಿಡಿದು ಕೇಳಬೇಕು.

ಈ ಓಟದ ಹಿಂದೆ ಕೋಚ್‌ನ ಲೆಕ್ಕಾಚಾರವೂ ಇದೆ. ಯುರೋಪಿಯನ್ ಒಕ್ಕೂಟದ 2006ರ ನಿಯಮದ ಪ್ರಕಾರ ಬಸ್ ಚಾಲಕ ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಹೊತ್ತು ಓಡಿಸುವಂತಿಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಇದೆಲ್ಲ ಬಸ್ಸಿನ ಟ್ಯಾಕೋಗ್ರಾಫ್ ಯಂತ್ರದಲ್ಲಿ ದಾಖಲಾಗುತ್ತದೆ. ರಸ್ತೆಯ ಸುರಕ್ಷತೆಗೆ ಇದು ಒಳ್ಳೆಯ ನಿಯಮ, ನಮ್ಮ ಹೆದ್ದಾರಿಗಳಿಗೂ ಇಷ್ಟೇ ಕಟ್ಟುನಿಟ್ಟಾಗಿ ಬರಲಿ. ಆದರೆ ಅದರ ಜೊತೆ ಪ್ರವಾಸದ ಉದ್ದ ಪಟ್ಟಿಯೂ ಸೇರಿದಾಗ ಕತ್ತರಿ ಬೀಳುವುದು ಊರುಗಳಲ್ಲಿ ಕಳೆಯುವ ಹೊತ್ತಿಗೆ. ಫ್ಲಾರೆನ್ಸ್‌ನಿಂದ ರೋಮ್‌ಗೆ ರಸ್ತೆಯಲ್ಲಿ ಸುಮಾರು 275 ಕಿ.ಮೀ. ವೆನಿಸ್‌ನಲ್ಲಿ ಕೋಚ್ ನಿಲ್ಲುವುದು ಟ್ರೊಂಕೆಟ್ಟೊ ಎಂಬ ದ್ವೀಪದಲ್ಲಿ. ಅಲ್ಲಿಂದ ಸೇಂಟ್ ಮಾರ್ಕ್ ಚೌಕಕ್ಕೆ ದೋಣಿಯಲ್ಲಿ ಹೋಗಬೇಕು. ಪೀಸಾದಲ್ಲೂ ಊರ ಹೊರಗೆ ಇಳಿದು ಒಳಗೆ ಹೋಗಬೇಕು. ಹೋಗಿ ಬರುವ ಸಮಯ ಕಳೆದರೆ ಉಳಿಯುವುದು, ಗೋಪುರವನ್ನು ಕೈಯಲ್ಲಿ ತಳ್ಳಿ ನಿಲ್ಲಿಸಿದಂತೆ ಫೋಟೊ ತೆಗೆಸಿಕೊಳ್ಳುವಷ್ಟು ಹೊತ್ತು. ಪಕ್ಕದಲ್ಲೇ ಇರುವ ಬ್ಯಾಪ್ಟಿಸ್ಟರಿ ಎಂಬ ದೀಕ್ಷಾಸ್ನಾನದ ಮಂದಿರದೊಳಗೆ ನಿಕೋಲಾ ಪಿಸಾನೊ 1260ರಲ್ಲಿ ಮುಗಿಸಿದ ಅಮೃತಶಿಲೆಯ ಪ್ರವಚನಪೀಠವಿದೆ. ಇಟಲಿಯ ಶಿಲ್ಪಕಲೆ ಹೊಸ ದಾರಿ ಹಿಡಿದದ್ದನ್ನು ಅದರ ಆಕೃತಿಗಳಲ್ಲಿ ಕಣ್ಣಾರೆ ಕಾಣಬಹುದು. ಗುಂಪಿನಲ್ಲಿ ಹೋದವರು ಅದರ ಬಾಗಿಲ ಮುಂದೆಯೇ ಹಾದು ಬಸ್ಸಿಗೆ ಮರಳುತ್ತಾರೆ.

ಕೊನೆಯ ದಿನಗಳ ಬಗ್ಗೆ ಇಷ್ಟು ಒತ್ತಿ ಹೇಳಲು ಬಲವಾದ ಕಾರಣವಿದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಜನ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಇಟ್ಟರು. ಇನ್ನೊಂದು ಸರದಿಯಲ್ಲಿ ಅದೇ ಒಂದು ನಿಮಿಷದ ಜೊತೆಗೆ ಮತ್ತೆ ಅರ್ಧ ನಿಮಿಷ ಇಟ್ಟರು, ಆದರೆ ಆ ಅರ್ಧ ನಿಮಿಷದಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಲಾಯಿತು. ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಉದ್ದದ ಸರದಿಯನ್ನು. ಒಟ್ಟು ನೋವು ಅದರಲ್ಲೇ ಹೆಚ್ಚಿತ್ತು, ಆದರೆ ಕೊನೆ ಹಿತವಾಗಿತ್ತು. ಎಷ್ಟು ಹೊತ್ತು ಅನುಭವಿಸಿದೆವು ಎನ್ನುವುದನ್ನು ನೆನಪು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ರಜೆಯ ಬಗ್ಗೆಯೇ ನಡೆದ ಅಧ್ಯಯನವೂ ಒಂದಿದೆ. ನೆದರ್ಲೆಂಡ್ಸ್‌ನ ಜೆರೋನ್ ನವೈನ್ ಮತ್ತು ಅವರ ಜೊತೆಗಾರರು 1,530 ಡಚ್ ಜನರನ್ನು ಗಮನಿಸಿ 2010ರಲ್ಲಿ ಫಲಿತಾಂಶ ಬರೆದರು. ರಜೆಗೆ ಹೊರಡುವವರು ಹೊರಡುವ ಮೊದಲು ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ವಾಪಸ್ ಬಂದ ಮೇಲೆ ಹೋಗಿಬಂದವರಿಗೂ ಹೋಗದವರಿಗೂ ಹೆಚ್ಚಿನ ವ್ಯತ್ಯಾಸ ಉಳಿಯಲಿಲ್ಲ. ತಮ್ಮ ರಜೆ ತುಂಬಾ ನಿರಾಳವಾಗಿತ್ತು ಎಂದವರಲ್ಲಿ ಮಾತ್ರ ಆ ಖುಷಿ ಮನೆಗೆ ಬಂದ ಮೇಲೂ ಮುಂದುವರಿಯಿತು. ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಹೋಗುವವರು ಈ ಒಂದು ಮಾತನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಹಾಗಾದರೆ ಪಟ್ಟಿ ಇಲ್ಲದೆ ರೋಮ್‌ನಲ್ಲಿ ಇಬ್ಬರು ಮಾಡುವುದಾದರೂ ಏನು? ಮಾಡುವುದಕ್ಕೆ ಬೇಕಾದಷ್ಟಿದೆ. ರಸ್ತೆಬದಿಯಲ್ಲಿ ಎದೆಮಟ್ಟದ ಎರಕಹೊಯ್ದ ಕಬ್ಬಿಣದ ಕಂಬಗಳಿಂದ ಹಗಲೂ ರಾತ್ರಿ ಕುಡಿಯುವ ನೀರು ಬೀಳುತ್ತಿರುತ್ತದೆ. ಬಾಗಿದ ನಳಿಕೆ ಉದ್ದ ಮೂಗಿನಂತೆ ಕಾಣುವುದರಿಂದ ಅವಕ್ಕೆ ನಸೋನಿ ಎಂದು ಹೆಸರು. 1874ರಲ್ಲಿ ಶುರುವಾದ ಇವು ಈಗ ಊರಲ್ಲಿ ಸುಮಾರು 2,500 ಇವೆ. ನಳಿಕೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಾಗಿ ಚಿಮ್ಮುತ್ತದೆ. ಬಗ್ಗದೆಯೇ, ಲೋಟವಿಲ್ಲದೆಯೇ ಕುಡಿಯಬಹುದು. ಹೆಂಡತಿ ಬೆರಳಿಟ್ಟು ನೀರು ಚಿಮ್ಮಿಸಿದರೆ ಗಂಡ ಕುಡಿಯಬಹುದು, ಆಮೇಲೆ ಗಂಡನ ಸರದಿ. ಗುಂಪಿನಲ್ಲಿ ಬಂದವರು ಇದನ್ನು ನೋಡದೆ ಎರಡು ಹೆಜ್ಜೆ ಆಚೆ ಬಾಟಲಿ ನೀರಿಗೆ ಯೂರೊ ಕೊಡುತ್ತಿರುತ್ತಾರೆ.

ಟ್ರೆವಿ ಕಾರಂಜಿಗೆ ಹಗಲಲ್ಲಿ ಹೋಗಲೇಬಾರದು. ಕ್ರಿ.ಪೂ. 19ರಲ್ಲಿ ರೋಮನ್ ಸೇನಾನಿ ಅಗ್ರಿಪ್ಪ ಕಟ್ಟಿಸಿದ ಅಕ್ವಾ ವರ್ಜಿನೆ ಕಾಲುವೆಯ ಕೊನೆಯಲ್ಲಿ, ನಿಕೋಲಾ ಸಾಲ್ವಿಯ ವಿನ್ಯಾಸದಲ್ಲಿ 1762ರಲ್ಲಿ ಪೂರ್ಣಗೊಂಡ ಕಾರಂಜಿ ಅದು. ಬಲಗೈಯಿಂದ ಎಡ ಭುಜದ ಮೇಲೆ ನಾಣ್ಯ ಎಸೆದರೆ ರೋಮ್‌ಗೆ ಮತ್ತೆ ಬರುವುದು ಖಚಿತ ಎಂಬ ನಂಬಿಕೆ ಇದೆ. ಕೊಳಕ್ಕೆ ಬಿದ್ದ ನಾಣ್ಯಗಳನ್ನು ಬಾಚಿ ಕಾರಿತಾಸ್ ಸಂಸ್ಥೆಗೆ ಕೊಡುತ್ತಾರೆ, ಅದು ಬಡವರ ನೆರವಿಗೆ ಹೋಗುತ್ತದೆ. ಜನಜಂಗುಳಿ ತಡೆಯಲಾರದೆ 2024ರ ಡಿಸೆಂಬರ್‌ನಲ್ಲಿ ಕಾರಂಜಿಯ ಅಂಚಿಗೆ ಒಂದೇ ವೇಳೆ 400 ಮಂದಿಯನ್ನಷ್ಟೇ ಬಿಡುವ ವ್ಯವಸ್ಥೆ ಬಂತು. ಗುಂಪಿನ ಬಸ್ಸುಗಳು ಬರುವುದು ಮಧ್ಯಾಹ್ನ. ಹತ್ತಿರದಲ್ಲೇ ಕೋಣೆ ಹಿಡಿದವರು ಬೆಳಗಿನ ಜಾವ ಎದ್ದು ಹೋದರೆ ಕಲ್ಲಿನ ಮೇಲೆ ನೀರು ಬೀಳುವ ಸದ್ದೇ ಕಿವಿ ತುಂಬುತ್ತದೆ.

ಪ್ಯಾಂಥಿಯನ್ ಎಂಬ ಪುರಾತನ ದೇಗುಲದ ಗುಮ್ಮಟಕ್ಕೆ 43 ಮೀಟರ್‌ಗೂ ಮೀರಿದ ಅಗಲ, ನಡುವೆ ಆಕಾಶಕ್ಕೆ ತೆರೆದ ದೊಡ್ಡ ವೃತ್ತ. ಹೆಚ್ಚುಕಡಿಮೆ 1,900 ವರ್ಷಗಳಿಂದ ನಿಂತಿರುವ ಆ ಕಾಂಕ್ರೀಟಿನೊಳಗೆ ಒಂದು ಚೂರೂ ಕಬ್ಬಿಣವಿಲ್ಲ. ಮಳೆ ಬಂದರೆ ನೀರು ನೇರವಾಗಿ ಒಳಗೆ ಬೀಳುತ್ತದೆ, ನೆಲದ ತೂತುಗಳಲ್ಲಿ ಇಂಗಿಹೋಗುತ್ತದೆ. ಒಂದು ಗಂಟೆ ಒಳಗೇ ಇದ್ದರೆ ಸೂರ್ಯನ ಬೆಳಕಿನ ಬಿಲ್ಲೆ ಗೋಡೆಯ ಮೇಲೆ ಸರಿಯುವುದು ಕಾಣುತ್ತದೆ. ಹತ್ತು ನಿಮಿಷದ ಭೇಟಿಯಲ್ಲಿ ಅದು ಗೋಡೆಗೆ ಬಿದ್ದ ಬೆಳಕಷ್ಟೆ.

ಇಂಗ್ಲಿಷ್ ಕವಿ ಕೀಟ್ಸ್‌ನನ್ನು ಓದಿದವರಿಗೆ ಸ್ಪ್ಯಾನಿಷ್ ಮೆಟ್ಟಿಲುಗಳ ಪಕ್ಕದಲ್ಲೇ ಅವನು 1821ರ ಫೆಬ್ರುವರಿಯಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ ಮನೆ ಇದೆ. ಸೆಸ್ಟಿಯಸ್ ಪಿರಮಿಡ್‌ನ ಪಕ್ಕದ ಸ್ಮಶಾನದಲ್ಲಿ ಅವನ ಸಮಾಧಿಯೂ ಶೆಲ್ಲಿಯ ಸಮಾಧಿಯೂ ಇವೆ. ಕೀಟ್ಸ್‌ನ ಕಲ್ಲಿನ ಮೇಲೆ ಅವನ ಹೆಸರಿಲ್ಲ, ಹಾಗೆಂದು ಅವನೇ ಕೇಳಿಕೊಂಡಿದ್ದ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಎಷ್ಟೋ ಮೇಷ್ಟ್ರುಗಳು, ಮೇಡಂಗಳು ರೋಮ್‌ಗೆ ಹೋಗಿಯೂ ಇದನ್ನು ನೋಡದೆ ಬರುತ್ತಾರೆ ಎಂಬುದು ನಿಜಕ್ಕೂ ಸಂಕಟದ ಸಂಗತಿ.

ಇನ್ನು ಕಾಫಿ. ಕೌಂಟರ್ ಎದುರು ನಿಂತು ಕುಡಿದರೆ ಒಂದು ದರ, ಮೇಜಿಗೆ ತರಿಸಿಕೊಂಡರೆ ಅದಕ್ಕಿಂತ ಹೆಚ್ಚು. ದರ್ಶಿನಿಯಲ್ಲಿ ನಿಂತು ಕುಡಿದು ರೂಢಿಯಾದ ಬೆಂಗಳೂರಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹಳೆಯ ಯಹೂದಿ ಕೇರಿಯಲ್ಲಿ ವಸಂತದಲ್ಲಿ ಸಿಗುವ ಇಡಿಯಾಗಿ ಕರಿದ ಆರ್ಟಿಚೋಕ್ ಹೂವಿನ ಎಸಳುಗಳಂತೆ ಗರಿಗರಿಯಾಗಿ ಬಿಚ್ಚಿಕೊಂಡಿರುತ್ತದೆ. ಸಸ್ಯಾಹಾರಿಗಳೂ ನೆಮ್ಮದಿಯಾಗಿ ತಿನ್ನಬಹುದು. ಪ್ಯಾಕೇಜಿನಲ್ಲಿ ರಾತ್ರಿ ಏಳಕ್ಕೆ ಭಾರತೀಯ ಊಟ ಕಾದಿರುತ್ತದೆ ಎಂಬ ಕಾರಣಕ್ಕೆ ಇದೆಲ್ಲ ತಪ್ಪಿಹೋಗುತ್ತದೆ.

ಕೊನೆಯ ದಿನಗಳನ್ನು ತಿನ್ನುವ ಇನ್ನೊಂದು ಸಂಗತಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದು ಉಡುಗೊರೆಗಳ ಪಟ್ಟಿ. ನಾದಿನಿಗೆ ಪರ್ಫ್ಯೂಮ್, ಅಕ್ಕಪಕ್ಕದ ಮನೆಗೆ ಚಾಕೊಲೇಟ್, ಗಂಡನ ಹಳೆಯ ಆಫೀಸಿಗೆ ಫ್ರಿಜ್ ಮ್ಯಾಗ್ನೆಟ್, ಕೆಲಸದಾಕೆಯ ಮಗಳಿಗೆ ಒಂದು ಬ್ಯಾಗ್. ಈ ಪಟ್ಟಿ ಯಾವಾಗಲೂ ಹೆಂಡತಿಯ ಕೈಚೀಲದಲ್ಲೇ ಇರುತ್ತದೆ. ಕೊನೆಯ ರಾತ್ರಿ ಹೋಟೆಲ್ ಕೋಣೆಯಲ್ಲಿ ಕೈತಕ್ಕಡಿಗೆ ಸೂಟ್‌ಕೇಸ್ ತೂಗುಹಾಕಿ ನೋಡುವುದೂ ಅವಳೇ. ‘ರೀ, ಇನ್ನೂ ಒಂದೂವರೆ ಕೆ.ಜಿ. ಜಾಸ್ತಿ ಇದೆ, ನಿಮ್ಮ ಜಾಕೆಟ್ ಹಾಕ್ಕೊಂಡೇ ಬನ್ನಿ’ ಎನ್ನುತ್ತಾ ಚಾಕೊಲೇಟ್ ಡಬ್ಬಿಯನ್ನು ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ, ಅಲ್ಲಿಂದ ಹ್ಯಾಂಡ್‌ಬ್ಯಾಗಿಗೆ ಸಾಗಿಸುತ್ತಾಳೆ. ಅಷ್ಟು ಹೊತ್ತಿಗೆ ಮನೆಯಿಂದ ವಾಟ್ಸ್‌ಆ್ಯಪ್ ಸಂದೇಶಗಳೂ ಶುರುವಾಗಿರುತ್ತವೆ: ಹಾಲಿನವನಿಗೆ ಯಾವತ್ತಿನಿಂದ ಹೇಳಲಿ, ಗ್ಯಾಸ್ ಬುಕ್ ಮಾಡಲೇ? ಅಡುಗೆಮನೆಯಿಂದ ಕೆಲವೇ ದಿನ ಬಿಡುಗಡೆ ಪಡೆದ ಹೆಂಗಸು ವಿಮಾನ ಹತ್ತುವ ಮೊದಲೇ ಮನೆಗೆ ಮರಳಿರುತ್ತಾಳೆ. ಉಡುಗೊರೆ ತರುವುದು ನಮ್ಮ ಪ್ರೀತಿಯ ರೀತಿ, ಅದನ್ನು ಯಾರೂ ಬಿಡಬೇಕಿಲ್ಲ. ಆದರೆ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ ಪ್ರವಾಸದ ನಡುವಿನಲ್ಲೇ ಕೊಂಡು ಮುಗಿಸಿಬಿಡಬೇಕು. ತೂಗುವ ಕೆಲಸ ಗಂಡನಿಗೆ ಬರಲಿ.

ಲೆಕ್ಕದ ಕೆಲವು ವಿಷಯಗಳನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಇವೂ ಕೊನೆಯ ಗಳಿಗೆಯಲ್ಲೇ ಎದುರಾಗುತ್ತವೆ. ರೋಮ್‌ನಲ್ಲಿ ಹೋಟೆಲ್ ಬಾಡಿಗೆಯ ಮೇಲೆ ನಗರ ತೆರಿಗೆ ಬೇರೆ ಇದೆ. ಮೂರು ನಕ್ಷತ್ರದ ಹೋಟೆಲಾದರೆ ತಲೆಗೆ, ರಾತ್ರಿಗೆ 6 ಯೂರೊ, ಅಂದರೆ ಇಬ್ಬರಿಗೆ ಮೂರು ರಾತ್ರಿಗೆ 36 ಯೂರೊ. ಇಟಲಿಯಲ್ಲಿ ಒಂದೇ ಅಂಗಡಿಯಲ್ಲಿ 70 ಯೂರೊ ಮೀರಿ ಕೊಂಡ ವಸ್ತುವಿನ ಮೇಲಿನ ತೆರಿಗೆಯಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ. 2024ರ ಫೆಬ್ರುವರಿವರೆಗೆ ಈ ಮಿತಿ 154.95 ಯೂರೊ ಇತ್ತು. ಆದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕಾಗದಕ್ಕೆ ಒಪ್ಪಿಗೆ ಬೀಳಬೇಕು, ಕೇಳಿದರೆ ವಸ್ತುವನ್ನೂ ತೋರಿಸಬೇಕು. ಪೆಟ್ಟಿಗೆಯನ್ನು ಏರ್‌ಲೈನ್ಸ್‌ಗೆ ಒಪ್ಪಿಸಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಗಳಲ್ಲಿ ಹೊರಗಿನ ದೇಶದವರ ಬೆರಳಚ್ಚು, ಮುಖದ ಚಿತ್ರ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬರತೊಡಗಿತು. ಹೊರಹೋಗುವುದೂ ಅದರಲ್ಲಿ ದಾಖಲಾಗುತ್ತದೆ, ಅದಕ್ಕೂ ಸಮಯ ಇಟ್ಟುಕೊಳ್ಳಬೇಕು.

ಮುಷ್ಕರ ಇಟಲಿಯಲ್ಲಿ ಅಪರೂಪವಲ್ಲ. ಮೊದಲೇ ಪ್ರಕಟಿಸಿ ಮಾಡುತ್ತಾರೆ. ವಿಮಾನಯಾನದ ಮುಷ್ಕರದ ದಿನವೂ ಬೆಳಿಗ್ಗೆ 7ರಿಂದ 10, ಸಂಜೆ 6ರಿಂದ 9ರವರೆಗಿನ ವಿಮಾನಗಳಿಗೆ ರಕ್ಷಣೆ ಇದೆ. ಅಷ್ಟೇ ಮುಖ್ಯವಾದ ಇನ್ನೊಂದು ಹಕ್ಕು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಯುರೋಪಿಯನ್ ಒಕ್ಕೂಟದ ನೆಲದಿಂದ ಹೊರಡುವ ವಿಮಾನ ಯಾವ ದೇಶದ ಕಂಪನಿಯದಾದರೂ ಸರಿ, ಕಂಪನಿಯ ಕಾರಣದಿಂದ ಭಾರತಕ್ಕೆ ನಾಲ್ಕು ಗಂಟೆಗಿಂತ ತಡವಾಗಿ ತಲುಪಿದರೆ ಪ್ರತಿ ಪ್ರಯಾಣಿಕನಿಗೆ 600 ಯೂರೊ ಪರಿಹಾರ ಕೇಳುವ ಅವಕಾಶವನ್ನು 2004ರ ಕಾನೂನು ಕೊಟ್ಟಿದೆ. ಕಾರಣ ಏನೇ ಇರಲಿ, ಕಾಯುವಾಗ ಊಟ, ರಾತ್ರಿಯಾದರೆ ಹೋಟೆಲ್ ಕೊಡುವುದು ಕಂಪನಿಯ ಹೊಣೆ. ವೆನಿಸ್‌ನಿಂದ ರೋಮ್‌ವರೆಗೆ ಬಸ್ಸಿನಲ್ಲಿ ಓಡಿಬಂದವರಿಗೆ ಕೊನೆಯ ದಿನ ಇಂಥದ್ದನ್ನೆಲ್ಲ ಕೇಳುವ ತ್ರಾಣವೇ ಉಳಿದಿರುವುದಿಲ್ಲ.

‘ಇಷ್ಟು ಹಣ ಕೊಟ್ಟು ಹೋಗಿ ವೆನಿಸ್ ಬಿಟ್ಟುಬರುವುದೇ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಎರಡು ಗಂಟೆ ನೋಡಿದ ವೆನಿಸ್, ಬಿಟ್ಟುಬಂದ ವೆನಿಸ್‌ಗಿಂತ ಹೆಚ್ಚೇನೂ ಅಲ್ಲ. ಏಳು ದೇಶ ನೋಡಿದೆವು ಎಂದು ಮದುವೆ ಮನೆಯಲ್ಲಿ ಹೇಳಿಕೊಳ್ಳುವ ಖುಷಿ ಬೇಕೆನ್ನುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಪ್ರವಾಸ ಕಂಪನಿಗಳು ಏಳು ದೇಶಗಳ ಪಟ್ಟಿಯ ಪಕ್ಕದಲ್ಲಿ ಐದು ದೇಶ, ಕೊನೆಗೆ ಮೂರು ದಿನ ಬಿಡುವು ಎಂಬ ಇನ್ನೊಂದು ಪಟ್ಟಿಯನ್ನೂ ಇಡಬೇಕು. ಅರವತ್ತು ದಾಟಿದ ದಂಪತಿಗಳಿಗಂತೂ ಅದನ್ನೇ ಮೊದಲು ತೋರಿಸಬೇಕು.

ಅಲ್ಲಿಯವರೆಗೆ ದಾರಿ ಇಲ್ಲದಿಲ್ಲ. ಗುಂಪು ಮರಳಿದ ಮೇಲೂ ಕೆಲವು ದಿನ ಉಳಿದು ಬರುವುದಕ್ಕೆ ಏಜೆಂಟರ ನಡುವೆ ಡೀವಿಯೇಷನ್ ಎನ್ನುತ್ತಾರೆ. ಹಲವು ಕಂಪನಿಗಳು ಒಂದಿಷ್ಟು ಶುಲ್ಕ ಪಡೆದು ಒಪ್ಪುತ್ತವೆ. ಆದರೆ ವೀಸಾ ಅರ್ಜಿಯಲ್ಲೇ ಆ ಹೆಚ್ಚಿನ ದಿನಗಳು ಸೇರಿರಬೇಕು. ವೀಸಾದಲ್ಲಿ ಎಷ್ಟು ದಿನ ಇರಬಹುದೆಂದು ಅಂಕಿ ಹಾಕಿರುತ್ತಾರೆ, ಅದನ್ನು ಮೀರಿದರೆ ಮುಂದಿನ ವೀಸಾಕ್ಕೇ ಕುತ್ತು. 30,000 ಯೂರೊಗೆ ಕಡಿಮೆಯಿಲ್ಲದ ಕಡ್ಡಾಯ ವಿಮೆ ಆ ದಿನಗಳನ್ನೂ ಒಳಗೊಂಡಿರಬೇಕು, ಹೋಟೆಲ್ ಬುಕಿಂಗ್ ಕಾಗದವೂ ಬೇಕು. ಆದ್ದರಿಂದ ಈ ಮಾತನ್ನು ಮುಂಗಡ ಕಟ್ಟುವ ಮೊದಲೇ ಎತ್ತಬೇಕು. ಗುಂಪಿನ ಟಿಕೆಟ್ ಒಮ್ಮೆ ಆಗಿಬಿಟ್ಟರೆ ವಾಪಸ್ ದಿನಾಂಕ ಬದಲಿಸುವುದು ಕಷ್ಟ, ಬದಲಿಸಿದರೂ ದುಬಾರಿ.