ಹೆಬ್ಬೆಟ್ಟು ಒತ್ತಿದರೆ ಒಪ್ಪಿಗೆಯಾಯಿತೆ?

ವೈದ್ಯನನ್ನು ದೇವರೆಂದು ನಂಬಿದ ಜನ ನಾವು. ಈ ನಂಬಿಕೆ ತಪ್ಪೆಂದು ನಾನು ಹೇಳಲಾರೆ. ಸಿಡುಬನ್ನು ಭೂಮಿಯಿಂದಲೇ ಓಡಿಸಿದ ವೈದ್ಯಶಾಸ್ತ್ರಕ್ಕೆ ನಾವೆಲ್ಲರೂ ಋಣಿಗಳು. ಹೊಸ ಔಷಧವೊಂದು ಅಂಗಡಿಗೆ ಬರುವ ಮುನ್ನ ಯಾರ ಮೈಮೇಲಾದರೂ ಅದರ ಪರೀಕ್ಷೆ ನಡೆಯಲೇಬೇಕು. ಪರೀಕ್ಷೆ ಬೇಡವೆಂದರೆ ಔಷಧವೇ ಬೇಡವೆಂದಂತೆ. ಆದರೆ ಹಾಗೆ ಮೈಯೊಡ್ಡುವವರು ಯಾರು? ಅವರನ್ನು ಕೇಳಿದವರುಂಟೆ? ನನ್ನ ಪ್ರಶ್ನೆ ಇಷ್ಟೇ.

ಅಮೆರಿಕದ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ 1932ರಲ್ಲಿ ಅಲ್ಲಿನ ಸರಕಾರದ ಆರೋಗ್ಯ ಇಲಾಖೆಯೇ ಒಂದು ಸಂಶೋಧನೆಯನ್ನು ಆರಂಭಿಸಿತು. ಅದಕ್ಕೆ ಆರಿಸಿಕೊಂಡದ್ದು ಸುಮಾರು 600 ಮಂದಿ ಬಡ ಕಪ್ಪು ಜನರನ್ನು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. 'ನಿಮ್ಮ ರಕ್ತ ಕೆಟ್ಟಿದೆ' ಎಂದಷ್ಟೇ ಹೇಳಿ, ಚಿಕಿತ್ಸೆ ನಡೆಯುತ್ತಿದೆಯೆಂದು ನಂಬಿಸಿ, ರೋಗ ಹೇಗೆ ಬೆಳೆಯುವುದೆಂದು ವೈದ್ಯರು ನೋಡುತ್ತ ಕುಳಿತರು. 1947ರಲ್ಲಿ ನ್ಯೂರೆಂಬರ್ಗಿನಲ್ಲಿ ಅಮೆರಿಕದ ನ್ಯಾಯಾಧೀಶರೇ ನಾಜಿ ವೈದ್ಯರನ್ನು ದಂಡಿಸಿ, ಮನುಷ್ಯನ ಸ್ವಂತ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗ ಕೂಡದೆಂದು ಸಾರಿದರು. ಅದೇ ಹೊತ್ತಿಗೆ ಸಿಫಿಲಿಸಿಗೆ ಪೆನಿಸಿಲಿನ್ ಮದ್ದೆಂದು ತಿಳಿದಿತ್ತು. ಆದರೂ ಟಸ್ಕೀಗಿಯ ಆ ಬಡವರಿಗೆ ಅದನ್ನು ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲಷ್ಟೇ ಅದು ನಿಂತಿತು.

ಅದು ಪರದೇಶದ ಮಾತು, ಹಳೆಯ ಮಾತು ಎನ್ನುವಿರಾ? 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ 10ರಿಂದ 14 ವಯಸ್ಸಿನ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆ ಹಾಕುವ ಯೋಜನೆಯೊಂದು ನಡೆಯಿತು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದು, 2010ರಲ್ಲಿ ಅದು ನಿಂತಿತು. ಲಸಿಕೆಯಿಂದಲೇ ಸಾವುಗಳು ಸಂಭವಿಸಿದುವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆ ಲಸಿಕೆ ಪ್ರಯೋಜನಕಾರಿಯೆಂಬುದನ್ನೂ ನಾನು ಒಪ್ಪುತ್ತೇನೆ. ಆದರೆ 2013ರ ಸಂಸದೀಯ ಸಮಿತಿಯ ವರದಿಯನ್ನು ನೋಡಿ: ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟಿನ ಗುರುತು, 2,763ಕ್ಕೆ ರುಜು ಹಾಕಿದವರು ಹಾಸ್ಟೆಲಿನ ವಾರ್ಡನ್ನರು! ಮಗಳಿಗೆ ಸೂಜಿ ಚುಚ್ಚುವ ವಿಷಯ ಹೆತ್ತವರಿಗೆ ತಿಳಿಯಬೇಡವೆ? ಉದ್ದೇಶ ಒಳ್ಳೆಯದೆಂದು ಕೇಳದೆ ಮಾಡಬಹುದೆ?

ವಾರ್ಡನ್ನರನ್ನು ದೂರುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ನಮ್ಮ ತಾಯಿಯನ್ನು ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿಸಿದ್ದೆ. ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಪುಟದ ಕಾಗದವನ್ನು ತಂದಿತ್ತು, 'ಬೇಗ ಆಗಲಿ' ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅರ್ಧ ಪುಟ ಓದಿದೆ, ಅರ್ಥವಾಗಲಿಲ್ಲ, ಕೇಳಲು ನಾಚಿಕೆಯಾಯಿತು. "ಅದ್ರಾಗೆ ಏನ್ ಬರ್ದೈತಪ್ಪಾ?" ಎಂದು ತಾಯಿ ಕೇಳಿದಳು. "ಏನೂ ಇಲ್ಲ ಕಣವ್ವಾ, ಒತ್ತು" ಎಂದೆ. ನನ್ನ ಮಾತನ್ನು ನಂಬಿ ಒತ್ತಿದಳು. ಅವಳು ಗುಣವಾಗಿ ಮನೆಗೆ ಬಂದಳು, ನಿಜ. ಆದರೆ ಅಂದು ಅವಳ ಪಾಲಿಗೆ ನಾನೇ ಆ ವಾರ್ಡನ್ನನಾಗಿದ್ದೆ.

ನೂರಾರು ರೋಗಿಗಳು ಸಾಲು ನಿಂತಿರುವಾಗ ಒಬ್ಬೊಬ್ಬರಿಗೂ ವಿವರಿಸಲು ವೈದ್ಯರಿಗೆ ಪುರಸೊತ್ತೆಲ್ಲಿ ಎಂದು ಕೆಲವರು ಕೇಳಬಹುದು. ಅವರ ಕಷ್ಟ ನಿಜವಾದುದೇ. ಆದರೆ ಪುರಸೊತ್ತಿಲ್ಲದಿದ್ದರೆ ಅದಕ್ಕೆಂದೇ ಇನ್ನೊಬ್ಬರನ್ನು ನೇಮಿಸಬೇಕೇ ಹೊರತು, ವಿವರಣೆಯನ್ನೇ ಬಿಡುವುದು ಸರಿಯಲ್ಲ. ಸಂಶೋಧನೆಯ ವಿಷಯದಲ್ಲಂತೂ, ಜನರಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು, ಓದುಬಾರದವರಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನಿರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೇ ವಿಧಿಸಿದೆ. ನಿಯಮ ಇದ್ದರಷ್ಟೇ ಸಾಲದು, ಅದನ್ನು ಕೇಳಿ ಪಡೆಯುವವರೂ ಬೇಕು.

ಮಿತ್ರರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಕಾಗದ ಬಂದರೆ ಅದು ಬರುವುದು ನಮ್ಮ ಕೈಗೇ. ಪದವಿಯಿಂದ ಕೆಲಸ ಸಿಕ್ಕೀತೋ ಇಲ್ಲವೋ ತಿಳಿಯದು. "ಇದು ನನಗೆ ಅರ್ಥವಾಗಲಿಲ್ಲ, ಕನ್ನಡದಲ್ಲಿ ಹೇಳಿ" ಎಂದು ಕೇಳುವ ಧೈರ್ಯವಾದರೂ ಅದರಿಂದ ಬರಬೇಕು. ನಮ್ಮ ತಾಯಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ವೈದ್ಯರ ಮುಂದಿಡದೆ ನಡುವೆ ನಿಲ್ಲಿಸಿದವನು ಓದಿದ ನಾನು.