ತಿದ್ದಿ ಕಲಿಯುವ ವಿದ್ಯೆ

ಕನ್ನಡದಲ್ಲಿ ‘ತಿದ್ದು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಗುರುಗಳು ಬರೆದಿಟ್ಟ ಅಕ್ಷರದ ಮೇಲೆ ಬೆರಳಾಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಮರಳಿನಲ್ಲಿ ಅಕ್ಷರ ತಿದ್ದಿ ಬೆಳೆದ ನಾವು ಚಿತ್ರಕಲೆಯ ಮಾತು ಬಂದೊಡನೆ ನಕಲನ್ನು ಕೀಳೆಂದು ಭಾವಿಸುವುದೇಕೆ? ಐವತ್ತು ದಾಟಿದ ಮೇಲೆ ಇಂಗ್ಲೆಂಡಿನಲ್ಲಿ ಕುಂಚ ಹಿಡಿದ ವೈದ್ಯನಾದ ನನ್ನ ಅನುಭವ ಬೇರೆಯದನ್ನೇ ಹೇಳುತ್ತದೆ.

ನಿಸರ್ಗಚಿತ್ರದಲ್ಲಿ ಮನುಷ್ಯರನ್ನು ನಿಲ್ಲಿಸುವುದು ಕಠಿಣ. ಮರ, ಮುಗಿಲುಗಳ ಅಳತೆ ತಪ್ಪಿದರೆ ಕಣ್ಣು ಕ್ಷಮಿಸುತ್ತದೆ. ಮನುಷ್ಯನ ಅಳತೆ ತಪ್ಪಿದರೆ ಕ್ಷಮಿಸದು. ಇದನ್ನು ಕಲಿಯಲು ನಾನು ಆರಿಸಿಕೊಂಡದ್ದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಜಾನ್ ಕಾನ್‌ಸ್ಟೇಬಲ್‌ರ ‘ದಿ ಹೇ ವೇಯ್ನ್’. 1821ರ ಈ ಕೃತಿಯ ಅಗಲ ಸುಮಾರು 185 ಸೆಂಟಿಮೀಟರ್. ಮೊದಲ ನೋಟಕ್ಕೆ ಕಾಣುವುದು ಹೊಳೆಯಲ್ಲಿ ನಿಂತ ಗಾಡಿ, ಅದರಲ್ಲಿರುವ ಇಬ್ಬರು, ದಡದ ಮೇಲಿನ ನಾಯಿ. ನಕಲು ಮಾಡತೊಡಗಿದಾಗಲೇ ದೂರದ ಹುಲ್ಲುಗಾವಲಿನ ಕೆಲಸಗಾರರು ಕಣ್ಣಿಗೆ ಬೀಳುತ್ತಾರೆ. ಅವರಿಗೆ ಮುಖವಿಲ್ಲ, ಬಿಳಿ ಬಣ್ಣದ ಪುಟ್ಟ ಸ್ಪರ್ಶಗಳಷ್ಟೇ. ಆದರೂ ಅವರು ದುಡಿಯುತ್ತಿದ್ದಾರೆಂದು ತಿಳಿಯುತ್ತದೆ. ಅಲ್ಲಿ ಕಣ್ಣು ಮೂಗು ಬಿಡಿಸಹೊರಟರೆ ದೂರವೇ ಅಳಿದು, ಹೊಲ ಹಿತ್ತಲಾಗಿಬಿಡುತ್ತದೆ. ಹಾಗೆಯೇ ಕುದುರೆಗಳ ಸಜ್ಜಿನ ಕೆಂಪು, ಅಷ್ಟೊಂದು ಹಸಿರಿನ ನಡುವೆ ನೋಟವನ್ನು ಗಾಡಿಯತ್ತ ಸೆಳೆಯುತ್ತದೆ. ಇವನ್ನು ಪುಸ್ತಕ ಹೇಳಬಹುದು, ಮನಗಾಣಿಸುವುದು ಕೈ.

ವೈದ್ಯಶಿಕ್ಷಣವೂ ಹೀಗೆಯೇ. ರೋಗಿಯ ಎದೆಯ ಮೇಲೆ ಬೆರಳಿಟ್ಟು ತಟ್ಟಿ, ಹೊಮ್ಮುವ ನಾದದಿಂದ ಶ್ವಾಸಕೋಶದ ಸ್ಥಿತಿಯನ್ನು ಅರಿಯುವ ಕ್ರಮವನ್ನು ಗುರುಗಳ ಕೈಚಲನೆಯನ್ನು ಅನುಕರಿಸಿಯೇ ಕಲಿತೆವು. ಸ್ವಂತ ತೀರ್ಮಾನ ಅನಂತರ ಬಂತು.

ಸ್ವತಃ ಕಾನ್‌ಸ್ಟೇಬಲ್ 1823ರಲ್ಲಿ, ಎಂದರೆ ‘ಹೇ ವೇಯ್ನ್’ ಮುಗಿದು ಎರಡು ವರ್ಷಗಳ ಬಳಿಕ, ಸರ್ ಜಾರ್ಜ್ ಬೋಮಾಂಟ್‌ರ ಮನೆಯಲ್ಲಿ ಉಳಿದು ಹದಿನೇಳನೆಯ ಶತಮಾನದ ಕ್ಲೋಡ್‌ನ ಚಿತ್ರಗಳನ್ನು ನಕಲು ಮಾಡಿದರು. ಆಗ ಅವರಿಗೆ 47 ವರ್ಷ. ಅಂಥ ಪ್ರೌಢ ಕಲಾವಿದನಿಗೆ ಅವಮಾನವೆನಿಸದ್ದು ನಮಗೇಕೆ ಅನಿಸಬೇಕು?

ಒಂದು ಎಚ್ಚರ ಮಾತ್ರ ಅಗತ್ಯ. ಮೂಲದ ಹೆಸರನ್ನು ಮರೆಮಾಚಿದರೆ ನಕಲು ಕಳವಾಗುತ್ತದೆ. ಕೆಳಗೆ ಮೂಲ ಕಲಾವಿದನ ಹೆಸರು ಬರೆದರೆ ಅದು ಕಲಿಕೆ, ಕೃತಜ್ಞತೆಯೂ ಹೌದು.

ಇಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರು ಮಕ್ಕಳು ದೂರ ಸರಿದು, ನಿವೃತ್ತಿ ಹತ್ತಿರವಾದಾಗ ‘ನಮಗೆ ಪ್ರತಿಭೆಯಿಲ್ಲ’ ಎಂದು ಕೈಕಟ್ಟಿ ಕೂರುತ್ತಾರೆ. ನಕಲು ಪ್ರತಿಭೆಯನ್ನು ಕೇಳುವುದಿಲ್ಲ, ತಾಳ್ಮೆಯನ್ನಷ್ಟೇ ಕೇಳುತ್ತದೆ. ಆ ಗ್ಯಾಲರಿಯ ಶಾಶ್ವತ ಸಂಗ್ರಹಕ್ಕೆ ಪ್ರವೇಶ ಉಚಿತ. ಒಂದು ಪೆನ್ಸಿಲ್, ಒಂದು ಹಾಳೆ ಹಿಡಿದು ಹೋಗಿ. ಗಾಡಿಯಲ್ಲಿರುವ ಆ ಇಬ್ಬರಿಂದಲೇ ಆರಂಭಿಸಿ.