ಬಯಲುಸೀಮೆಯ ಮಗುವಿಗೆ ಕಡಲೇಕೆ?

ದೊಡ್ಡಬಳ್ಳಾಪುರದ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಈಚೆಗೆ ಹೋಗಿದ್ದೆ. ಮಕ್ಕಳೇ ಕಟ್ಟಿದ ಪುಟ್ಟ ನಾಟಕ. ಕತ್ತಲೆಂದರೆ ಹೆದರುವ ಹುಡುಗನೊಬ್ಬ ಕಡಲ್ಗಳ್ಳರ ಹಡಗಿನಲ್ಲಿ ಸಿಕ್ಕಿಕೊಂಡು, ನಡುಗುತ್ತ ನಡುಗುತ್ತಲೇ ತನ್ನವರನ್ನು ಪಾರುಮಾಡುವ ಕಥೆ. ಬೆಂಚುಗಳೇ ಹಡಗು, ಹಳೆಯ ಸೀರೆಯೇ ಹಾಯಿ. ಆ ಪಾತ್ರ ವಹಿಸಿದ್ದವನು ಹೆಸರು ಕೇಳಿದರೂ ತಲೆ ತಗ್ಗಿಸುವ ಹುಡುಗನೆಂದು ಪಕ್ಕದಲ್ಲಿ ಕುಳಿತಿದ್ದ ಅವನ ತಾಯಿ ಹೇಳಿದರು. ಅಂದು ಅವನ ದನಿ ಅಂಗಳದ ಕೊನೆಯವರೆಗೂ ಕೇಳಿಸಿತು.

ಬಳಿಕ ಅತಿಥಿ ಮಹನೀಯರು ಎದ್ದು ನಿಂತು ಅಪ್ಪಣೆ ಕೊಡಿಸಿದರು: “ನಮ್ಮೂರಿಗೆ ಸಮುದ್ರ ಎಲ್ಲಿದೆ? ಕಳ್ಳರ ಕಥೆಯಿಂದ ಮಕ್ಕಳು ಕಲಿಯುವುದೇನು? ಪರದೇಶದ ಅನುಕರಣೆ ಬಿಟ್ಟು ಒಂದು ನೀತಿಕಥೆ ಆಡಿಸಬಾರದಿತ್ತೆ?” ಚಪ್ಪಾಳೆಯೂ ಬಿತ್ತು. ಬಣ್ಣ ಹಚ್ಚಿಕೊಂಡೇ ನಿಂತಿದ್ದ ಹುಡುಗನ ತಲೆ ಮತ್ತೆ ತಗ್ಗಿತು. ಆ ತಗ್ಗಿದ ತಲೆಯ ಪರವಾಗಿ ಈ ನಾಲ್ಕು ಮಾತು.

ಸಮುದ್ರವಿಲ್ಲವೆಂಬುದು ಮೊದಲ ಆಕ್ಷೇಪ. ಬಯಲುಸೀಮೆಯ ಹಳ್ಳಿಹಳ್ಳಿಯಲ್ಲೂ ಆಂಜನೇಯನ ಗುಡಿಯುಂಟು. ಆತ ಹಾರಿದ್ದು ಹೊಸಕೋಟೆಯ ಕೆರೆಯನ್ನೇ? ಕಡಲ ದಡದಲ್ಲಿ ಕಪಿವೀರರೆಲ್ಲ ತಾವು ಎಷ್ಟೆಷ್ಟು ಯೋಜನ ಹಾರಬಲ್ಲೆವೆಂದು ಹೇಳಿಕೊಳ್ಳುತ್ತಿದ್ದಾಗ ಮಾರುತಿ ಒಂದು ಕಡೆ ಸುಮ್ಮನೆ ಕುಳಿತಿದ್ದ. ಜಾಂಬವಂತ ಅವನಿಗೆ ಅವನ ಬಲವನ್ನು ನೆನಪು ಮಾಡಿಕೊಟ್ಟು ಏಳೆಂದ. ಸುಮ್ಮನೆ ಕುಳಿತವನು ಕಡಲಿನೆದುರು ತನ್ನನ್ನು ತಾನು ಕಂಡುಕೊಂಡ ಈ ಕಥೆಯನ್ನು ಸಮುದ್ರ ನೋಡದ ಅಜ್ಜಿಯರು ಸಮುದ್ರ ನೋಡದ ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. ಅವರಲ್ಲಿ ಯಾರಿಗೂ ಭೂಗೋಳ ಅಡ್ಡ ಬರಲಿಲ್ಲ. ದೇವನಹಳ್ಳಿಯ ಬಳಿ 2008ರಿಂದ ವಿಮಾನಗಳು ಏರಿ ಇಳಿಯುತ್ತಿವೆ. ಸುತ್ತಲ ಹಳ್ಳಿಯ ಮಗು ಇನ್ನೂ ವಿಮಾನ ಹತ್ತಿಲ್ಲವೆಂದು ಅದಕ್ಕೆ ವಿಮಾನದ ಕಥೆ ಬೇಡವೆನ್ನುವಿರಾ?

ಎರಡನೆಯದು ಕಳ್ಳರ ಮಾತು. ಇಂಥ ಕಥೆಗಳ ಹಿರಿಯಣ್ಣ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’. 1881ರಲ್ಲಿ ಸ್ಕಾಟ್ಲೆಂಡಿನ ಮಳೆಯ ದಿನಗಳಲ್ಲಿ, ಮಲಮಗನೊಡನೆ ಆಟವಾಡುತ್ತ ಬರೆದ ಒಂದು ದ್ವೀಪದ ನಕ್ಷೆಯಿಂದ ಹುಟ್ಟಿ 1883ರಲ್ಲಿ ಪುಸ್ತಕವಾದದ್ದು. ಅದರ ಬಾಲಕ ಜಿಮ್ ವೀರನೇನೂ ಅಲ್ಲ. ಸೇಬಿನ ಪೀಪಾಯಿಯೊಳಗೆ ಅವಿತು, ಉಸಿರು ಬಿಗಿಹಿಡಿದು, ಕಳ್ಳರ ಒಳಸಂಚನ್ನು ಕೇಳಿಸಿಕೊಳ್ಳುವ ಪುಕ್ಕಲ. ಆ ಭಯದೊಳಗೇ ಏನು ಮಾಡಬೇಕೆಂಬುದನ್ನು ಅವನೇ ನಿರ್ಧರಿಸಬೇಕಾಗುತ್ತದೆ. ಕಳ್ಳರ ನಾಯಕ ಸಿಲ್ವರನೋ ಸವಿಮಾತಿನವನು, ಹುಡುಗನನ್ನು ಮೆಚ್ಚುವವನು. ಸವಿಮಾತಿನವರೆಲ್ಲ ಸಜ್ಜನರಲ್ಲವೆಂಬ ಪಾಠವನ್ನು ನಮ್ಮ ಎಷ್ಟು ನೀತಿಕಥೆಗಳು ಇಷ್ಟು ಚೆನ್ನಾಗಿ ಕಲಿಸಿವೆ? ಕಡೆಗೆ ಹಣ ಸಿಕ್ಕರೂ ಜಿಮ್‌ಗೆ ಕೆಟ್ಟ ಕನಸು ತಪ್ಪುವುದಿಲ್ಲ. ಇದನ್ನು ಓದಿದ ಮಗು ಕಳ್ಳತನಕ್ಕೆ ಹೊರಟೀತೆಂಬುದು ಓದದವರ ಭಯ.

ಮೂರನೆಯದು ಪರದೇಶದ್ದೆಂಬ ದೂರು. ಇದರಲ್ಲಿ ಸ್ವಲ್ಪ ಸತ್ಯವಿದೆ. ಆ ಕಾಲದ ಇಂಗ್ಲಿಷ್ ಸಾಹಸಕಥೆಗಳಲ್ಲಿ ಬಿಳಿಯರಲ್ಲದವರನ್ನು ಹೀನಾಯವಾಗಿ ಕಂಡವು ಉಂಟು, ಆರಿಸಿ ಕೊಡಬೇಕು. ಆದರೆ ಕಡಲೇ ನಮ್ಮದಲ್ಲವೆನ್ನುವುದು ಯಾವ ನ್ಯಾಯ? ಪೋರ್ಚುಗೀಸರು ಕಡಲ್ಗಳ್ಳನೆಂದು ಕರೆದ ತಿಮ್ಮೋಜ ಹೊನ್ನಾವರದವನು. 1510ರಲ್ಲಿ ಆಲ್ಬುಕರ್ಕನನ್ನು ಗೋವೆಯ ಮೇಲೆ ದಂಡೆತ್ತುವಂತೆ ಪ್ರೇರಿಸಿದವನು ಅವನೇ. ಅದೇ ಶತಮಾನದಲ್ಲಿ ಉಳ್ಳಾಲದ ಅಬ್ಬಕ್ಕ ಅದೇ ಪೋರ್ಚುಗೀಸರನ್ನು ಎದುರಿಸಿ ನಿಂತಳು. ನಮ್ಮದೇ ಬೇಕೆನ್ನುವವರು ಇವರ ಕಥೆಗಳನ್ನು ಮಕ್ಕಳಿಗೆ ಬರೆಯಲಿ, ಬರೆಸಲಿ. ಮಕ್ಕಳ ಬೆಂಚಿನ ಹಡಗನ್ನು ಮುಳುಗಿಸುವುದೇಕೆ?

ನಿಜವಾದ ಆಕ್ಷೇಪ ಬೇರೆಯೇ ಇದೆ. ಅದನ್ನು ವೇದಿಕೆಯ ಮೇಲೆ ಹೇಳಲಾಗದು. ಕಡಲ ಕಥೆಯ ಹುಡುಗ ಹಿರಿಯರನ್ನು ಕೇಳದೆ ಹೆಜ್ಜೆ ಇಡುತ್ತಾನೆ. ನಮಗೆ ಬೇಕಾದುದು ಹೇಳಿದಂತೆ ಕೇಳುವ ಮಗು. ಆ ವಿಧೇಯತೆಗೇ ಸದ್ಗುಣವೆಂದು ಹೆಸರಿಟ್ಟು ಕಥೆಯ ಬಾಲಕ್ಕೆ ಕಟ್ಟುತ್ತೇವೆ. ಹತ್ತು ವರ್ಷ ಬಾಯಿ ಮುಚ್ಚಿಸಿ, ಹನ್ನೊಂದನೆಯ ವರ್ಷ “ನಮ್ಮ ಹುಡುಗನಿಗೆ ನಾಲ್ಕು ಜನರೆದುರು ಮಾತೇ ಬಾರದು” ಎಂದು ಹಲುಬಿ, ಹಣ ತೆತ್ತು ವ್ಯಕ್ತಿತ್ವ ವಿಕಸನದ ತರಗತಿಗೆ ಕಳುಹಿಸುವವರೂ ನಾವೇ. ಬೆಂಗಳೂರಿನ ಓದುಗ ಮಹಾಶಯರು ಎದೆ ಮುಟ್ಟಿ ನೋಡಿಕೊಳ್ಳಲಿ.

2020ರಲ್ಲಿ ಸರ್ಕಾರ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆಯಿತು. ಒಳ್ಳೆಯ ಕೆಲಸ. ಅಲ್ಲಿಗೆ ಬಂದ ಮಗು ತನಗೆ ಬೇಕಾದ ಪುಸ್ತಕವನ್ನು ತಾನೇ ಆರಿಸಿಕೊಳ್ಳಲಿ. ಓದಿ ಮುಗಿಸಿದೊಡನೆ “ಇದರ ನೀತಿ ಏನು?” ಎಂದು ಕೇಳದಿರುವಷ್ಟು ಸಂಯಮ ಹಿರಿಯರಿಗಿರಲಿ.

ಅತಿಥಿ ಮಹನೀಯರಿಗೆ ಕೊನೆಯದೊಂದು ಬಿನ್ನಹ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಸೀಮೆಯನ್ನು ಹಾದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ನಿನ್ನೂರಿಗೆ ಸಮುದ್ರ ಎಲ್ಲಿದೆಯೆಂದು ಅದನ್ನು ಯಾರೂ ತಡೆದು ಕೇಳಲಿಲ್ಲ. ಆ ಹುಡುಗನನ್ನೂ ಕೇಳಬೇಡಿ.